ಅವ್ವನ ಪೆಟ್ಟಿಗೆ ಒಲೆ

ಈ ಬೆಳಿಗ್ಗೆ ಹಾಲು ಉಕ್ಕಿಸಿಬಿಟ್ಟೆ. "ವಸಿ ಹಾಲು ನೋಡ್ಕಳಿ, ಎರಡು ಎಳೆ ಕೊತ್ತಂಬರಿ ಕುಯ್ಕಂಡು ಬತ್ತೀನಿ" ಎಂದು ನನ್ನ ಹೆಂಡತಿ ಪಾರ್ವತಿ ಹಿತ್ತಲಿಗೆ ಹೋಗಿದ್ದಳು. ನಾನು ನೋಡುತ್ತಲೇ ಇದ್ದೆ. ಹಾಲನ್ನಲ್ಲ, ಬೇಲಿ ಹಾರಲೋ ಬೇಡವೋ ಎಂದು ಕಿಟಕಿಯಾಚೆ ಲೆಕ್ಕ ಹಾಕುತ್ತ ನಿಂತಿದ್ದ ಒಂದು ಜಿಂಕೆಯನ್ನು. ಸೀದ ಹಾಲಿನ ವಾಸನೆ ಮೂಗಿಗೆ ಹೊಡೆದಾಗಲೇ ನನಗೆ ಎಚ್ಚರವಾದದ್ದು. ಪಾರ್ವತಿ ಬಂದು ನೋಡಿ ಏನೂ ಅನ್ನಲಿಲ್ಲ. ಮದುವೆಯಾಗಿ ಮೂವತ್ತೈದು ವರ್ಷವಾದ ಮೇಲೆ ಹೆಂಡತಿ ಏನೂ ಅನ್ನದಿದ್ದರೆ ಅದರ ಅರ್ಥ ಏನೆಂದು ನಿಮಗೆ ಗೊತ್ತಿರಬಹುದು. ನಾನು ಒದ್ದೆ ಬಟ್ಟೆ ಹಿಡಿದು ಕಟ್ಟೆ ಒರೆಸುತ್ತ ನಿಂತೆ. ಒರೆಸುತ್ತ ಒರೆಸುತ್ತ ನಗು ಬಂತು. ಮೂರು ವರ್ಷದ ಹಿಂದೆ ಇದೇ ವಾಸನೆ ನಮ್ಮ ಅಂಗಳದಲ್ಲಿ ಎದ್ದಿತ್ತು, ಅವತ್ತು ಮಾತ್ರ ನಮ್ಮಲ್ಲಿ ಯಾರಿಗೂ ನಗು ಬಂದಿರಲಿಲ್ಲ. ಹಾಲು ಹೇಗೂ ಹೋಯಿತು, ಕಾಫಿ ತಡವಾಗುತ್ತದೆ. ಅಲ್ಲಿಯತನಕ ಆ ಸಂಗತಿ ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮದು ಊಟಿ ಬೆಟ್ಟದ ಬುಡದ ಮಸಿನಗುಡಿ. ಮುತ್ತಜ್ಜನ ಕಾಲದಿಂದ ಇಲ್ಲೇ ಇದ್ದೇವೆ. ಅವ್ವನಿಗೆ ಆಗ ಎಂಬತ್ತು ವರ್ಷ. ಮನೆಯಲ್ಲಿ ಗ್ಯಾಸು ಬಂದು ಎಷ್ಟೋ ಕಾಲವಾಗಿದ್ದರೂ ಅವಳ ಊಟ ಬೇಯುತ್ತಿದ್ದದ್ದು ಹಿತ್ತಲ ಸೌದೆ ಒಲೆಯಲ್ಲೇ. ಬೆಳಿಗ್ಗೆ ಸ್ನಾನ, ಹಣೆಗೆ ವಿಭೂತಿ, ಲಿಂಗಪೂಜೆ, ಅದಾದ ಮೇಲೆ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತರೆ ಮುಗಿಯಿತು. ರಾಗಿರೊಟ್ಟಿಯನ್ನು ಹೆಂಚಿನ ಮೇಲೆ ಅರೆಬರೆ ಬೇಯಿಸಿ, ಆಮೇಲೆ ಕೆಂಡದ ಮೇಲೆ ನಿಲ್ಲಿಸುವಳು. ರೊಟ್ಟಿ ಉಬ್ಬಿ, ಅಲ್ಲಲ್ಲಿ ಕಪ್ಪು ಚುಕ್ಕೆ ಎದ್ದು, ಅಂಚು ಗರಿಗರಿಯಾಗಬೇಕು. ಅದೇ ಕೆಂಡದಲ್ಲಿ ಒಂದು ಬದನೆಕಾಯಿ ಸುಟ್ಟು ಗೊಜ್ಜು ಮಾಡುವಳು. ಇಷ್ಟೇ ಅವಳ ಊಟ. ಹಬ್ಬದ ದಿನ ನಾವೆಲ್ಲ ಒಬ್ಬಟ್ಟು ತಿಂದರೂ ಅವಳು ಶಾಸ್ತ್ರಕ್ಕೆ ಒಂದು ಚೂರು ಬಾಯಿಗೆ ಹಾಕಿಕೊಂಡು ರೊಟ್ಟಿಗೇ ಕೈ ಚಾಚುತ್ತಿದ್ದಳು.

ಆ ವರ್ಷ ಚಳಿಗಾಲದಲ್ಲಿ ಕೆಮ್ಮು ಹಿಡಿಯಿತು. ಊಟಿಗೆ ಕರೆದುಕೊಂಡು ಹೋಗಿ ತೋರಿಸಿದೆವು. ಡಾಕ್ಟರು ಎದೆಯ ಫೋಟೋ ತೆಗೆಸಿ ನೋಡಿ, "ಇನ್ನು ಮೇಲೆ ಸೌದೆ ಹೊಗೆ ಒಂದು ದಿನವೂ ಕೂಡದು, ಇದ್ದಿಲೂ ಕೂಡದು" ಅಂದರು. ಅವ್ವ ಅವರ ಮುಂದೆ ತಲೆಯಾಡಿಸಿದಳು. ಮನೆಗೆ ಬಂದ ಮೇಲೆ ಒಂದು ಚೊಂಬು ನೀರು ತಂದು ತಾನೇ ಒಲೆಗೆ ಸುರಿದಳು. ಚುಂಯ್ ಅಂದ ಆ ಸದ್ದು ನನಗೆ ಈಗಲೂ ಕಿವಿಯಲ್ಲಿದೆ.

ಕೆಮ್ಮು ಕಡಿಮೆಯಾಯಿತು, ನಿಜ. ಅದರ ಜೊತೆ ಊಟವೂ ಕಡಿಮೆಯಾಯಿತು. ಪಾರ್ವತಿ ಗ್ಯಾಸಿನ ಮೇಲೆ ರೊಟ್ಟಿ ಬೇಯಿಸಿ ಕೊಟ್ಟಳು. ಅವ್ವ ತುದಿ ಮುರಿದು ಅಗಿದು, "ಕಬ್ಬುಣ ಕಬ್ಬುಣ ಅಂತದ ಕಣವ್ವ" ಅಂದಳು. ಬರ್ನರಿನ ಉರಿಗೇ ಹಿಡಿದು ಸುಟ್ಟುಕೊಟ್ಟರೆ ಸೀಮೆಎಣ್ಣೆ ವಾಸನೆ ಎಂದಳು. ಗ್ಯಾಸಿಗೂ ಸೀಮೆಎಣ್ಣೆಗೂ ಎಲ್ಲಿಯ ಸಂಬಂಧ ಎಂದು ನಾನು ವಾದಕ್ಕಿಳಿದೆ. ಎಂಬತ್ತರ ನಾಲಿಗೆಯ ಜೊತೆ ವಾದ ಮಾಡಿ ಗೆದ್ದವರು ಯಾರಾದರೂ ಇದ್ದರೆ ನನಗೆ ತಿಳಿಸಿ. ಒಂದು ರೊಟ್ಟಿ ಅರ್ಧವಾಯಿತು, ಅರ್ಧ ಕಾಲಾಯಿತು, ಆಮೇಲೆ ಬರೀ ಮಜ್ಜಿಗೆ. ಕೈಯ ಬಳೆಗಳು ಮೊಳಕೈವರೆಗೆ ಜಾರತೊಡಗಿದವು. "ಹಸಿವೇ ಇಲ್ಲ ಬುಡು ಮೊಗ" ಎಂದು ಎಷ್ಟು ಸಮಾಧಾನವಾಗಿ ಹೇಳುತ್ತಿದ್ದಳೆಂದರೆ ನನಗೆ ಹೆದರಿಕೆಯಾಗುತ್ತಿತ್ತು. ಅವಳಿಗೆ ಬೇಕಾದದ್ದು ಸಿಗದೆ ಅವಳು ಹೀಗೇ ಸದ್ದಿಲ್ಲದೆ ಮುಗಿದು ಹೋಗುತ್ತಾಳೆ ಅನ್ನಿಸುತ್ತಿತ್ತು. ಅವಳ ಮುಂದೆ ಗದರುತ್ತಿದ್ದೆ, ಕೊಟ್ಟಿಗೆಯ ಹಿಂದೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದೆ.

ಹೀಗಿರುವಾಗ ಪಕ್ಕದ ಮಾವನಲ್ಲ ಎಂಬ ಊರಿನಲ್ಲಿ ಒಂದು ರೆಸಾರ್ಟು ಮುಚ್ಚಿ, ಅಲ್ಲಿನ ಸಾಮಾನು ಮಾರುತ್ತಿದ್ದಾರೆಂದು ತಿಳಿಯಿತು. ಅವ್ವನಿಗೆ ತಗ್ಗಿನ ಮಂಚ ಒಂದು ಬೇಕಾಗಿತ್ತು. ಪಾರ್ವತಿ "ಮಂಚ ಮಾತ್ರ" ಎಂದು ಎರಡು ಸಲ ಹೇಳಿ ಕಳಿಸಿದಳು. ಹೋಗಿ ನೋಡಿದರೆ ಮಂಚಗಳೆಲ್ಲ ಖರ್ಚಾಗಿ, ಹುಲ್ಲಿನ ಮೇಲೆ ಒಂದು ಕಪ್ಪು ಪೆಟ್ಟಿಗೆ ನಿಂತಿತ್ತು. ಎರಡು ಚಕ್ರ, ದುಂಡನೆಯ ಮುಚ್ಚಳ, ಮುಂದೆ ತಿರುಗಿಸುವ ನಾಲ್ಕು ನಾಬು ಇರಬೇಕಾದ ಕಡೆ ಮೂರು. ಪ್ರವಾಸಿಗರಿಗೆ ಸುಟ್ಟ ಅಡುಗೆ ಮಾಡಿಕೊಡುವ ಗ್ಯಾಸ್ ಗ್ರಿಲ್. ಅಲ್ಲಿದ್ದ ಕಾವಲುಗಾರ ಮುಚ್ಚಳ ಎತ್ತಿ ತೋರಿಸಿದ: ಕೆಳಗೆ ಬರ್ನರು, ಅದರ ಮೇಲೆ ತಗಡು, ತಗಡಿನ ಮೇಲೆ ಜಾಲರಿ. ಉರಿ ಸಾಮಾನಿಗೆ ತಾಗುವುದಿಲ್ಲ. ತಗಡು ಕಾದು ಕೆಂಪಾಗಿ, ಕೆಂಡದ ಹಾಗೆ ಝಳ ಕೊಡುತ್ತದೆ, ಹೊಗೆ ಇಲ್ಲ. "ಹೊಗೆ ಇಲ್ಲವಾ?" ಎಂದು ನಾನು ಕೇಳಿದ ಧಾಟಿಗೆ ಅವನು ಬೆಲೆ ಏರಿಸಿದನೋ ಏನೋ. ನಾನಂತೂ ಚೌಕಾಸಿ ಮಾಡಲಿಲ್ಲ. ಜೀಪಿಗೆ ಹೇರಿಸಿಕೊಂಡು ಬಂದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ಪವರ್‌ಹೌಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಊರಲ್ಲಿ ಯಾರ ಮನೆಯ ಫ್ಯೂಸು ಹೋದರೂ ಈಗಲೂ ನನ್ನನ್ನೇ ಕರೆಯುತ್ತಾರೆ. ನಾನು ಟಾರ್ಚು ಹಿಡಿದು ಹೋಗಿ, ಮೀಟರನ್ನು ಬಹಳ ಹೊತ್ತು ನೋಡಿ, "ಎಲೆಕ್ಟ್ರಿಷಿಯನ್ನನ್ನು ಕರೆಸಿ" ಎಂದು ಹೇಳಿ ಬರುತ್ತೇನೆ. ಇಂಥ ನಾನು ಆ ಪೆಟ್ಟಿಗೆಯನ್ನು ಒಂದು ಮಧ್ಯಾಹ್ನದಲ್ಲಿ ಸೋಪು ಹಾಕಿ ತೊಳೆದು, ಒರೆಸಿ, ಅವ್ವನ ಮುಂದೆ ತಳ್ಳಿಕೊಂಡು ಹೋಗಿ, "ನಿನಗೇ ಅಂತ ತಂದೆ ಅವ್ವ, ಹೊಚ್ಚ ಹೊಸದು" ಅಂದೆ. ಅವ್ವ ಮುಚ್ಚಳದ ಬಳಿ ಬಗ್ಗಿ ಒಂದೇ ಒಂದು ಸಲ ಉಸಿರೆಳೆದುಕೊಂಡಳು.

"ಇದ್ರೊಳಗ ಕೋಳಿ ಬೆಂದದ ಕಣ್ಲಾ."

"ಇಲ್ಲ ಅವ್ವ, ಅದು ಅಂಗಡಿಯ ಎಣ್ಣೆ ವಾಸನೆ."

"ಮೀನೂ ಬೆಂದದ."

ಪಾರ್ವತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಮ್ಮದು ಲಿಂಗ ಕಟ್ಟಿದ ಮನೆ, ತಲೆತಲಾಂತರದಿಂದ ಮಾಂಸ ಹೊಸಿಲು ದಾಟಿಲ್ಲ. ಅದು ನನಗೆ ಗೊತ್ತಿಲ್ಲದ ವಿಷಯವಲ್ಲ. ಸೋಪಿಗೂ ನನ್ನ ಸುಳ್ಳಿಗೂ ಅದನ್ನೆಲ್ಲ ಮುಚ್ಚುವ ಶಕ್ತಿ ಇದೆ ಎಂದುಕೊಂಡದ್ದು ನನ್ನ ದಡ್ಡತನ. "ಕೋಳಿ ತಿನ್ನೋರು ತಿನ್ಲಿ, ನಾನು ಯಾರ್ನೂ ಬ್ಯಾಡ ಅನ್ನಕಿಲ್ಲ. ನೀನು ಸುಳ್ಳು ಯಾಕ್ಲಾ ಹೇಳ್ದೆ?" ಅಂದಳು ಅವ್ವ. ಅರವತ್ತು ದಾಟಿದ ಗಂಡಸು ಅಂಗಳದ ನಡುವೆ ತಲೆ ತಗ್ಗಿಸಿ ನಿಂತೆ. ಕೊನೆಗೆ ಬಾಯಿಬಿಟ್ಟೆ: "ನೀನು ಉಣ್ಣಲ್ಲವಲ್ಲ ಅವ್ವ, ನನಗೆ ದಿಗಿಲಾಗ್ತದೆ." ಅವ್ವ ಕೋಲಿನ ತುದಿಯಿಂದ ಮುಚ್ಚಳವನ್ನು ಒಮ್ಮೆ ತಟ್ಟಿ ನೋಡಿದಳು. ಆಮೇಲೆ, "ಮಾಂಸ ಮುಟ್ಟಿದ್ದನ್ನೆಲ್ಲ ಬದ್ಲಾಯ್ಸು. ಆಮ್ಯಾಕ ನೋಡಮ" ಅಂದಳು.

ಬದಲಾಯಿಸುವುದಕ್ಕೆ ಕರೆಸಿದ್ದು ಗೂಡಲೂರಿನ ವರ್ಗೀಸನನ್ನು. ಹೋಟೆಲುಗಳ ಗ್ಯಾಸ್ ಒಲೆ ರಿಪೇರಿ ಮಾಡುವವನು, ಐವತ್ತೈದರ ಆಸುಪಾಸು, ಮನೆಮಾತು ಮಲಯಾಳ. ಕನ್ನಡ, ತಮಿಳು, ಮಲಯಾಳ ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಮಾತಾಡುತ್ತಾನೆ, ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ಬೆಳಗಿನ ಬಸ್ಸಿಗೆ ಚೀಲ ಹೊತ್ತುಕೊಂಡು ಬರುತ್ತಿದ್ದ, ಕೊನೆಯ ಬಸ್ಸಿಗೆ ಹೊರಡುತ್ತಿದ್ದ. ನಮ್ಮ ಮನೆಯ ರೀತಿ ತಿಳಿದು, ಮಧ್ಯಾಹ್ನ ತನ್ನ ಬುತ್ತಿ ತೆಗೆದುಕೊಂಡು ಗೇಟಿನಾಚೆ ಹುಣಸೆ ಮರದ ಕೆಳಗೆ ಹೋಗಿ ಉಂಡು ಬರುತ್ತಿದ್ದ. ಹಾಗೆ ಮಾಡು ಎಂದು ನಾವು ಹೇಳಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಅವನು ಮೊದಲ ದಿನ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ಗೋಣಿತಟ್ಟಿನ ಮೇಲೆ ಹರಡಿದ. ಅವ್ವ ಕುರ್ಚಿ ಹಾಕಿಸಿಕೊಂಡು ಬಿಸಿಲಿನಲ್ಲಿ ಕೂತಳು. ಗ್ಯಾಸಿನ ಟ್ಯೂಬನ್ನು ಇಲಿ ಕಡಿದಿತ್ತು, ಅದು ಹೇಗೂ ಹೋಗಬೇಕಿತ್ತು. ಕಿಡಿ ಹಾರಿಸುವ ಗುಂಡಿ ಸತ್ತಿತ್ತು. ಬರ್ನರಿನ ಎರಡು ಕೊಳವೆ ತುಕ್ಕು ತಿಂದು ಪಕ್ಕದಲ್ಲಿ ಬಾಯಿ ಬಿಟ್ಟಿದ್ದವು. ಮೂರನೆಯದನ್ನು ಕುಟ್ಟಿದರೆ ಒಳಗಿನಿಂದ ಕಣಜದ ಮಣ್ಣುಗೂಡು ಪುಡಿಪುಡಿಯಾಗಿ ಉದುರಿತು. "ಪಾಪ, ಮನೆ ಮಾಡ್ಕಂಡಿತ್ತು" ಅಂದಳು ಅವ್ವ. ಅಲ್ಲಿಂದ ಮುಂದೆ ಅವಳ ಕೋಲು ಓಡಾಡತೊಡಗಿತು. ಜಾಲರಿ? ತೆಗಿ. ತಗಡು? ತೆಗಿ. ಜಿಡ್ಡು ಬೀಳುವ ತಟ್ಟೆಯನ್ನು ಕೋಲಿನಲ್ಲೂ ಮುಟ್ಟಲಿಲ್ಲ, ಮುಖ ತಿರುಗಿಸಿದಳು. ನಾಬುಗಳೇನು ಪಾಪ ಮಾಡಿದವು ಎಂದು ನಾನು ಕೇಳಿದೆ. "ಕೋಳಿ ತಿರುವಿದ ಕೈಯಾಗೇ ಅಲ್ವಾ ಅದ್ನೂ ತಿರುವಿರಾದು?" ಅಂದಳು. ಅದೂ ಸರಿಯೇ.

ವರ್ಗೀಸ್ ಸೊಂಟಕ್ಕೆ ಕೈ ಕೊಟ್ಟು ನಿಂತ. "ಅಮ್ಮಚ್ಚೀ, ಇನ್ನು ಬಾಕಿ ಇರೋದು ಡಬ್ಬ ಮತ್ತು ಚಕ್ರ ಮಾತ್ರ."

"ಡಬ್ಬಾವ ಹುಣಸೆಹಣ್ಣು ಬೂದಿ ಹಾಕಿ ಉಜ್ಜಿಸ್ತೀನಿ. ಚಕ್ರ ಇರ್ಲಿ ಬುಡು, ಚಕ್ರದ ಮ್ಯಾಲ ಯಾರು ಉಂಡಾರು?"

ಉಜ್ಜುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಮೂರು ದಿನ ಉಜ್ಜಿದೆ. ಮೊದಲು ಕಪ್ಪು ಹೋಯಿತು, ಆಮೇಲೆ ನನ್ನ ಉಗುರು ಹೋಯಿತು, ಕೊನೆಗೆ ವಾಸನೆಯೂ ಹೋಯಿತು. ಅವ್ವ ದಿನಾ ಸಂಜೆ ಬಂದು ಮೂಗಿಟ್ಟು ನೋಡಿ, "ಇನ್ನೂ ವಸಿ" ಎಂದು ಹೇಳಿ ಹೋಗುತ್ತಿದ್ದಳು.

ಹೊಸ ಭಾಗಗಳದ್ದು ಇನ್ನೊಂದು ಪಾಡು. ಆ ಪೆಟ್ಟಿಗೆ ಯಾವ ದೇಶದ್ದೋ, ಅದರ ಜಾಲರಿ ಇಲ್ಲಿ ಯಾವ ಅಂಗಡಿಯಲ್ಲೂ ಇಲ್ಲ. ವರ್ಗೀಸನೇ ದಾರಿ ಹೇಳಿದ: ಕೂನೂರಿನಲ್ಲಿ ಟೀ ಫ್ಯಾಕ್ಟರಿಗಳಿಗೆ ಜರಡಿ, ತಟ್ಟೆ ಮಾಡಿಕೊಡುವ ವರ್ಕ್‌ಶಾಪುಗಳಿವೆ, ಅಲ್ಲಿ ಅಳತೆ ಕೊಟ್ಟರೆ ಬೆಸೆದು ಕೊಡುತ್ತಾರೆ. ಕಲ್ಲಟ್ಟಿ ಘಾಟಿಯ ತಿರುವುಗಳನ್ನು ಹತ್ತಿ ಊಟಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕೂನೂರು. ವರ್ಕ್‌ಶಾಪಿನವನು ನಾನು ಬರೆದೊಯ್ದಿದ್ದ ಅಳತೆಯ ಚಿತ್ರ ನೋಡಿ, "ಇದರಲ್ಲಿ ಯಾವ ಸೊಪ್ಪು ಒಣಗಿಸ್ತೀರಿ?" ಎಂದು ಕೇಳಿದ. ನಾನು ರಾಗಿರೊಟ್ಟಿ ಎಂದೆ. ಅವನು ಚಿತ್ರವನ್ನು ಇನ್ನೊಂದು ಸಲ ನೋಡಿದ. ಆದರೂ ಒಳ್ಳೆ ಕೆಲಸ ಮಾಡಿದ, ಸ್ಟೀಲಿನ ಸರಳುಗಳನ್ನು ಬಾಚಣಿಗೆ ಹಲ್ಲಿನಂತೆ ಸಮನಾಗಿ ಬೆಸೆದುಕೊಟ್ಟ. ಜಾಲರಿ, ತಗಡು, ತಟ್ಟೆ ಮೂರನ್ನೂ ಪೇಪರಿನಲ್ಲಿ ಸುತ್ತಿ, ಇಳಿಯುವ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ಪ್ರತಿ ತಿರುವಿಗೂ ಅವು ಪಕ್ಕದವರ ಮಂಡಿಗೆ ಬಡಿಯುತ್ತಿದ್ದವು.

ಬರ್ನರು, ಟ್ಯೂಬು, ನಾಬು, ಕಿಡಿ ಹಾರಿಸುವ ಗುಂಡಿ ಎಲ್ಲವನ್ನೂ ವರ್ಗೀಸ್ ಎಲ್ಲೆಲ್ಲಿಂದಲೋ ಹೊಂದಿಸಿ ತಂದ. ಎಲ್ಲ ಕೂಡಿಸಿ, ಟ್ಯೂಬಿನ ಕೀಲುಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಕಣ್ಣು ಕಿರಿದು ಮಾಡಿ ನೋಡಿದ. ಗುಳ್ಳೆ ಇಲ್ಲ. ಗುಂಡಿ ಒತ್ತಿದ. ಟಕ್ ಎಂದು ನೀಲಿ ಉರಿ ಸಾಲಾಗಿ ಹತ್ತಿತು. ನಾನು ಚಪ್ಪಾಳೆ ತಟ್ಟಿದೆ. ಅವ್ವ ಮುಚ್ಚಳಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು ಕೈ ಮುಗಿದಳು.

ಈಗ ಕೇಳಿ, ನಾವೆಲ್ಲ ಸೇರಿ ಮಾಡಿದ ಘನಕಾರ್ಯ. ಹೊಸ ಒಲೆ ಹೊತ್ತಿಸಿದ ಮೇಲೆ ಮೊದಲು ಏನು ಮಾಡುತ್ತೀರಿ? ಹಾಲು ಉಕ್ಕಿಸುತ್ತೀರಿ. ನಾವೂ ಅದನ್ನೇ ಮಾಡಿದೆವು. ಪಾರ್ವತಿ ಪಾತ್ರೆಯ ಕಂಠದವರೆಗೆ ಹಾಲು ತುಂಬಿಸಿ ಜಾಲರಿಯ ನಡುವೆ ಇಟ್ಟಳು. ವರ್ಗೀಸ್ ಚೀಲ ಕಟ್ಟುತ್ತಿದ್ದವನು ತಿರುಗಿ ನೋಡುವಷ್ಟರಲ್ಲಿ ಹಾಲು ಉಕ್ಕಿತು. ಮೂಡಲ ದಿಕ್ಕಿಗೇ ಉಕ್ಕಿತೆಂದು ನಾವು ಹಿಗ್ಗುತ್ತಿದ್ದೆವು. ಅಡುಗೆಮನೆಯ ಒಲೆಯಾದರೆ ಕಟ್ಟೆಯ ಮೇಲೆ ಚೆಲ್ಲಿ ಹೋಗುತ್ತಿತ್ತು. ಇದು ಜಾಲರಿ. ಹಾಲೆಲ್ಲ ಸರಳುಗಳ ಸಂದಿಯಲ್ಲಿ ಇಳಿದು, ಕಾದ ತಗಡಿನ ಮೇಲೆ ಸೀದು, ಅಲ್ಲಿಂದ ಹೊಸ ಬರ್ನರಿನ ಸೂಜಿತೂತುಗಳ ಒಳಗೆ ಹೋಯಿತು. ಉರಿ ಹಳದಿಯಾಗಿ, ಉಗ್ಗಿ, ಆರಿಹೋಯಿತು. "ಅಯ್ಯೋ ಎಂಡೆ ದೈವಮೇ" ಎಂದು ವರ್ಗೀಸ್ ತಲೆಯ ಮೇಲೆ ಕೈ ಇಟ್ಟುಕೊಂಡ. ಎಷ್ಟು ಸಲ ಗುಂಡಿ ಒತ್ತಿದರೂ ಹತ್ತಲಿಲ್ಲ. ಅವನ ಕೊನೆಯ ಬಸ್ಸಿಗೆ ಹೊತ್ತಾಗಿತ್ತು, ಹೊರಟುಹೋದ. ಸೀದ ಹಾಲಿನ ವಾಸನೆ ಕತ್ತಲಾಗುವವರೆಗೂ ಅಂಗಳದಲ್ಲಿ ನಿಂತಿತ್ತು.

ಅವ್ವ ಅದನ್ನು ಬೇರೆಯೇ ರೀತಿಯಲ್ಲಿ ತೆಗೆದುಕೊಂಡಳು. "ಆ ಒಲೆಗೇ ಇಷ್ಟ ಇಲ್ಲ. ಶಿವನ ಹೆಸರಿನಾಗ ಇಟ್ಟ ಹಾಲು ಬೆಂಕಿ ಆರಿಸ್ತು ಅಂದ್ರೆ ಇನ್ನೇನು ಬೇಕು? ಯಾರ್ಗಾರ ಕೊಟ್ಬುಡು ಮೊಗ" ಅಂದಳು. ಬರ್ನರಿನ ತೂತು, ಜಾಲರಿ, ಎಲ್ಲ ವಿವರಿಸಿದೆ. ಕೇಳಿಸಿಕೊಂಡಳು, ಆದರೆ ಮುಖ ಬೇರೆ ಕಡೆ ಇತ್ತು. ಆ ರಾತ್ರಿ ಮಜ್ಜಿಗೆಯನ್ನೂ ಅರ್ಧ ಬಿಟ್ಟಳು. ಇಷ್ಟು ದಿನ ಕುರ್ಚಿ ಹಾಕಿಕೊಂಡು ಕೋಲು ತೋರಿಸುತ್ತಿದ್ದಳಲ್ಲ, ಅವಳಿಗೂ ಒಂದು ಆಸೆ ಹುಟ್ಟಿತ್ತು ಎಂದು ನನಗೆ ಆಗ ತಿಳಿಯಿತು. ಮರುದಿನ ಅವಳು ಕುರ್ಚಿಯ ತನಕವೂ ಬರಲಿಲ್ಲ. ಪಾರ್ವತಿ ನನ್ನನ್ನು ನೋಡಿ, "ಹಾಲು ಇಟ್ಟೋಳು ನಾನೇ" ಎಂದು ಅತ್ತಳು. ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಪಕ್ಕದಲ್ಲಿ ಕೂತೆ ಅಷ್ಟೆ.

ಅದರಾಚೆ ದಿನ, ಕರೆಯದೇ, ಮೊದಲ ಬಸ್ಸಿಗೆ ವರ್ಗೀಸ್ ಬಂದಿಳಿದ. ಕೈಯಲ್ಲಿ ಒಂದು ಸೈಕಲ್ ಕಡ್ಡಿಯನ್ನು ಮಸೆದು ಸೂಜಿ ಮಾಡಿ ತಂದಿದ್ದ. ಬರ್ನರು ಬಿಚ್ಚಿ, ಬಿಸಿನೀರಲ್ಲಿ ನೆನೆಸಿ, ಒಂದೊಂದೇ ತೂತನ್ನು ಆ ಕಡ್ಡಿಯಿಂದ ಬಿಡಿಸುತ್ತ ಕೂತ. ನಾನು ಪಕ್ಕದಲ್ಲಿ ಕೂತು ಊದುವ ಕೆಲಸ ಮಾಡಿದೆ. ಬಿಸಿಲು ನೆತ್ತಿಗೆ ಬಂದಾಗ ಗುಂಡಿ ಒತ್ತಿದ. ನೀಲಿ ಉರಿ ಮೊದಲಿನಂತೆ ಸಾಲಾಗಿ ನಿಂತಿತು. ಅಷ್ಟರಲ್ಲಿ ಅವ್ವ ಜಗಲಿಗೆ ಬಂದಿದ್ದಳು. ಅವಳು ಒಲೆಯನ್ನು ನೋಡಲಿಲ್ಲ, ಅವನನ್ನು ನೋಡಿದಳು.

"ಏನಪ್ಪಾ, ಬುತ್ತಿ ಎಲ್ಲಿ?"

"ಇವತ್ತು ತಂದಿಲ್ಲ ಅಮ್ಮಚ್ಚೀ. ಬೇಗ ಬಸ್ಸು. ಸಾರವಿಲ್ಲ, ಮನೆಗೆ ಹೋಗಿ ಉಣ್ತೇನೆ."

ಸಾರವಿಲ್ಲ ಅಂದರೆ ಪರವಾಗಿಲ್ಲ ಎಂದು. ಅವ್ವನಿಗೆ ಮಾತ್ರ ಪರವಾಗಿತ್ತು. ನಮ್ಮ ಅಂಗಳದಲ್ಲಿ ಕೆಲಸ ಮಾಡಿದವರು ಖಾಲಿ ಹೊಟ್ಟೆಯಲ್ಲಿ ಗೇಟು ದಾಟುವುದು ಈ ಮನೆಯಲ್ಲಿ ನಡೆದದ್ದಿಲ್ಲ. ಅವ್ವನಿಗೆ ಮಾಂಸದ ಮೈಲಿಗೆ ಎಷ್ಟು ದೊಡ್ಡದೋ ಇದು ಅದಕ್ಕಿಂತ ದೊಡ್ಡದು. "ಪಾರ್ವತೀ, ಹಿಟ್ಟು ನಾದವ್ವ. ಒಲೆ ಹತ್ತಿಸಿ ಅದ, ಅದ್ರ ಮ್ಯಾಲೇ ಎರಡು ರೊಟ್ಟಿ ಸುಟ್ಟು ಇವ್ನಿಗೆ ಕೊಡು" ಅಂದಳು.

ರೊಟ್ಟಿ ಉಬ್ಬಿತು. ಕಪ್ಪು ಚುಕ್ಕೆ ಎದ್ದವು. ಸುಟ್ಟ ರಾಗಿಯ ಆ ಘಮ ಎಷ್ಟೋ ತಿಂಗಳ ಮೇಲೆ ಅಂಗಳ ತುಂಬಿತು. ಪಾರ್ವತಿ ಬದನೆಕಾಯಿ ಗೊಜ್ಜಿನ ಜೊತೆ ತಟ್ಟೆ ತಂದು ವರ್ಗೀಸನ ಮುಂದೆ ಹಿಡಿದಳು. ಅವನು ಕೈ ತೊಳೆದುಕೊಂಡು ಬಂದು, ತಟ್ಟೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದ.

"ಞಾನ್... ನಾನು ಮೊದಲು ತಿನ್ನೋದಿಲ್ಲ."

"ಯಾಕಪ್ಪಾ, ನಮ್ಮನೇದು ಆಗಕಿಲ್ವಾ?" ಅವ್ವನ ದನಿ ಗಡುಸಾಯಿತು.

"ಅಯ್ಯೋ, ಅದಲ್ಲ ಅಮ್ಮಚ್ಚೀ. ಇದು ನನ್ನ ಪಣಿ, ನನ್ನ ಕೆಲಸ. ಎಂಟು ವಯಸ್ಸಿಗೆ ಅಪ್ಪನ ಕೂಡೆ ಕಲಿತದ್ದು. ಒಲೆ ಸರಿ ಮಾಡಿದರೆ ಅದರಲ್ಲಿ ಬೆಂದದ್ದು ಮೊದಲು ಆ ಮನೆಯ ದೊಡ್ಡವರು ತಿನ್ನಬೇಕು. ಅವರು ತಿಂದು ಚೆನ್ನಾಗಿದೆ ಹೇಳಿದರೆ ಮಾತ್ರ ಪಣಿ ಮುಗೀತು. ನಾನೇ ಮೊದಲು ತಿಂದು ಹೋದರೆ ಅಪ್ಪ ಮೇಲಿಂದ ಬೈಯ್ತಾರೆ."

ಹೀಗೆ ಇಬ್ಬರೂ ನಿಂತರು. ಇವನು ಉಣ್ಣದೆ ಹೋಗುವ ಹಾಗಿಲ್ಲ. ಅವಳು ತಿನ್ನದೆ ಇವನು ಉಣ್ಣುವ ಹಾಗಿಲ್ಲ. ನಡುವೆ ತಟ್ಟೆ ಹಿಡಿದು ಪಾರ್ವತಿ, ಅವಳ ಹಿಂದೆ ಏನೂ ಉಪಯೋಗವಿಲ್ಲದ ನಾನು. ರೊಟ್ಟಿಯ ಬಿಸಿ ಆರುತ್ತಿತ್ತು. ಅವ್ವ ಅವನ ಮುಖ ನೋಡಿದಳು, ಬೆವರಿಳಿಯುತ್ತಿದ್ದ ಅವನ ಕುತ್ತಿಗೆ ನೋಡಿದಳು, ಕಡ್ಡಿ ಹಿಡಿದು ಹಿಡಿದು ಕೆಂಪಾಗಿದ್ದ ಬೆರಳು ನೋಡಿದಳು.

"ಹೊತ್ತಾಯ್ತು, ಹಸ್ದಿದ್ದೀಯೆ" ಎಂದು ಬೈದಂತೆ ಹೇಳಿ, ಜಗಲಿಯಿಂದ ಇಳಿದು ಬಂದು ರೊಟ್ಟಿಯ ಅಂಚು ಮುರಿದಳು. ಗೊಜ್ಜಿಗೆ ಅದ್ದಿ ಬಾಯಿಗಿಟ್ಟಳು. ಅಗಿದಳು. ನಾವು ಮೂವರೂ ಅವಳ ದವಡೆಯನ್ನೇ ನೋಡುತ್ತಿದ್ದೆವು. ಇನ್ನೊಂದು ಚೂರು ಮುರಿದಳು. ಮತ್ತೊಂದು. "ಸರಿಯಾಗದ. ಈಗ ಕೂತ್ಕೊ" ಅಂದಳು ಅವನಿಗೆ. ಆಮೇಲೆ ಪಾರ್ವತಿಯ ಕಡೆ ತಿರುಗಿ, "ಇವನ್ಗೆ ಬ್ಯಾರೆ ಸುಡವ್ವ, ಇದು ನಂಗೇ ಇರ್ಲಿ" ಎಂದಳು.

ವರ್ಗೀಸ್ ಅವತ್ತು ಜಗಲಿಯ ಮೇಲೆ, ಅವ್ವನ ಎದುರಿಗೆ ಕೂತು ಉಂಡ. ನಾಲ್ಕು ರೊಟ್ಟಿ ತಿಂದ. ಹುಣಸೆ ಮರದ ಕೆಳಗೆ ಅವನನ್ನು ಅಷ್ಟು ದಿನ ಕೂರಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಅದನ್ನು ಅವನಿಗೆ ಹೇಳಿದೆ ಕೂಡ. "ಅಲ್ಲಿ ಗಾಳಿ ಚೆನ್ನಾಗಿತ್ತು ಸಾರೇ" ಅಂದ. ಶಾಸ್ತ್ರವನ್ನು ಹಿಡಿದವರು ಗಟ್ಟಿಯಾಗಿರುತ್ತಾರೆ, ಅವರನ್ನು ಅಲ್ಲಾಡಿಸಲಾಗದು ಎಂದು ನಾನು ತಿಳಿದುಕೊಂಡಿದ್ದೆ. ಅಲ್ಲಾಡಿಸುವುದಕ್ಕೆ ನನ್ನ ಸುಳ್ಳಿನಿಂದಾಗಲಿಲ್ಲ, ಹುಣಸೆಹಣ್ಣಿನಿಂದಾಗಲಿಲ್ಲ. ಎದುರಿಗೆ ಒಬ್ಬ ಮನುಷ್ಯ ಹಸಿದು ನಿಂತದ್ದು ಸಾಕಾಯಿತು.

ಅಗೋ, ಕಾಫಿ ಬಂತು. ಪಾರ್ವತಿಗೆ ಸಿಟ್ಟು ಇಳಿದಿದೆ. ಇನ್ನೊಂದೇ ಮಾತು, ಹೇಳಿ ಮುಗಿಸುತ್ತೇನೆ. ಅವ್ವನಿಗೆ ಈಗ ಎಂಬತ್ತಮೂರು. ಹೋದ ಭಾನುವಾರ ಬೆಳಿಗ್ಗೆ ಆಚೆಮನೆಯ ಯಜಮಾನರು ಬಂದು ಬಾಗಿಲಲ್ಲಿ ನಿಂತು ತಡವರಿಸಿದರು. ಮಗಳ ನಿಶ್ಚಿತಾರ್ಥಕ್ಕೆ ಇವತ್ತು ಮಧ್ಯಾಹ್ನ ಬೀಗರು ಬರುತ್ತಾರೆ, ಮೀನು ಸುಡಬೇಕು, ಒಂದು ದಿನಕ್ಕೆ ಆ ಒಲೆ ಸಿಕ್ಕೀತೇ ಎಂದರು. ಕೇಳಿದ್ದಕ್ಕೆ ಅವರಿಗೇ ಸಂಕೋಚ. ನಾನು ನೋವಾಗದಂತೆ ಇಲ್ಲ ಎನ್ನಲು ಮಾತು ಹುಡುಕುತ್ತಿದ್ದೆ. ಸುಳ್ಳು ಹೇಳುವುದನ್ನು ಬಿಟ್ಟಿದ್ದೇನಾದ್ದರಿಂದ ತಡವಾಗುತ್ತಿತ್ತು.

ಒಳಗಿನಿಂದ ಅವ್ವನ ದನಿ ಬಂತು. "ಕೊಡ್ಲಾ. ಜಾಲ್ರಿ ತಟ್ಟೆ ಮಾತ್ರ ಅವ್ರದು ಹಾಕ್ಕಳ್ಳಿ."

ಯಜಮಾನರು ಕೈ ಮುಗಿದು, ಸೋಮವಾರ ತೊಳೆದು ತಂದುಕೊಡುತ್ತೇವೆ ಅಂದರು. ಅವ್ವ ಕೋಲೂರಿಕೊಂಡು ಹೊಸಿಲ ತನಕ ಬಂದೇ ಬಿಟ್ಟಳು.

"ಸೋಮಾರ ಯಾಕ? ಬೈಗಾದೇಟ್ಗೆ ತಂದ್ಬುಡ್ಬೇಕು. ರಾತ್ರಿಗೆ ನಾನು ಉಣ್ಣದು ಬ್ಯಾಡ್ವಾ?"